ಕೊಬ್ಬರಿ ಮುಗಿದು ಬಾದಾಮಿ ಶುರುವಾಗುವ ಹೊತ್ತು

ಐದು ಗಂಟೆಗೆ ಇನ್ನೂ ಐದು ನಿಮಿಷವಿದೆ. ಕಿಟಕಿಯಾಚೆ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಿದೆ. ಬೀದಿದೀಪಗಳು ಪಾಳಿ ಬದಲಾಯಿಸುವವರು ಬಂದಿಲ್ಲವೆಂಬಂತೆ ಇನ್ನೂ ಉರಿಯುತ್ತಿವೆ. ಅಡುಗೆಮನೆಯ ಮೇಜಿನ ಮುಂದೆ, ಹಿಟ್ಟಿನ ಚೀಲ ಕತ್ತರಿಸಿ ಹೊಲಿದ ಏಪ್ರನ್ ಕಟ್ಟಿಕೊಂಡ ಐವತ್ತಾರು ವರ್ಷದ ಹೆಂಗಸೊಬ್ಬರು ಅಗಲವಾದ ಬೋಗುಣಿಯೊಳಗೆ ಮೊಣಕೈವರೆಗೆ ಕೈ ಇಳಿಸಿದ್ದಾರೆ. ಬೋಗುಣಿಯಲ್ಲಿ ಓಟ್ಸ್, ಕೊಬ್ಬರಿ ತುರಿ, ಒರಟಾಗಿ ಜಜ್ಜಿದ ಬಾದಾಮಿ, ಕಡಲೆಬೀಜ, ಅಕ್ರೋಟು. ಅದರ ಮೇಲೆ ಈಗಷ್ಟೇ ಸುರಿದ, ಜೇನು, ಬೆಣ್ಣೆ ಮತ್ತು ಕಂದು ಸಕ್ಕರೆಯ ಬಿಸಿ ಪಾಕ. ಕೈ ಸುಡುವುದಿಲ್ಲವೇ ಎಂದು ಯಾರಾದರೂ ಕೇಳಿದರೆ ಅವರದೊಂದು ಉತ್ತರವಿದೆ: "ಸುಡತ್ತೆ. ಸುಡದೇ ಇದ್ರೆ ಪಾಕ ಆರಿದೆ ಅಂತ ಅರ್ಥ."

ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಅಮುಕುತ್ತಾರೆ, ಬಿಡುತ್ತಾರೆ. ಬಿತ್ತನೆಗೆ ಮುಂಚೆ ಹೊಲದ ಮಣ್ಣು ಹಿಡಿದು ಹದ ನೋಡುವವರ ರೀತಿ ಅದು. ಉಂಡೆ ಉದುರುವುದಿಲ್ಲ, ಬೆರಳಿಗೂ ಮೆತ್ತುವುದಿಲ್ಲ, ನಿಧಾನಕ್ಕೆ ಮೈ ಸಡಿಲಿಸಿ ಕೂರುತ್ತದೆ. ತೃಪ್ತಿಯಾಗಿ ಎರಡು ತಟ್ಟೆಗೆ ಸುರಿದು, ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಮರದ ಹಲಗೆಯನ್ನು ತೆಗೆದುಕೊಳ್ಳುತ್ತಾರೆ. ಗಾರೆ ಕೆಲಸದವರು ಗೋಡೆಯ ಮೇಲೆ ಸಿಮೆಂಟು ಬಳಿದಾದ ಮೇಲೆ ಉಜ್ಜಿ ನಯ ಮಾಡುವ ಹಲಗೆ ಅದು. ಬೆನ್ನಿಗೆ ಹಿಡಿಕೆ, ಅಡಿಯಲ್ಲಿ ಕನ್ನಡಿಯ ನುಣುಪು. ಅದರಿಂದ ಮೂಲೆಯಿಂದ ಮೂಲೆಗೆ ಒತ್ತುತ್ತ ಹೋಗುತ್ತಾರೆ. ಒತ್ತಿದ ಕಡೆ ಇನ್ನೊಮ್ಮೆ ಒತ್ತುವುದಿಲ್ಲ.

ಆಮೇಲೆ ತಟ್ಟೆಗಳು ಓವನ್ನಿನೊಳಗೆ ಹೋಗುತ್ತವೆ. ಬಾಗಿಲು ಮೆತ್ತಗೆ, ಚೂರೂ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಹೆಂಗಸು ಕೈ ಒರೆಸಿಕೊಂಡು ಓವನ್ನಿನ ಪಕ್ಕಕ್ಕೆ ನಿಂತು, ಕಣ್ಣು ಮುಚ್ಚಿ, ಮೂಗನ್ನು ಸ್ವಲ್ಪ ಮೇಲೆತ್ತುತ್ತಾರೆ. ಐದು ನಿಮಿಷ ಹಾಗೇ ನಿಲ್ಲುತ್ತಾರೆ. ಹತ್ತು ನಿಮಿಷ. ಮುಖದ ಮೇಲೆ ಏನೂ ಬದಲಾಗುವುದಿಲ್ಲ, ಹುಬ್ಬುಗಳ ನಡುವೆ ಒಂದು ಗೆರೆ ಮಾತ್ರ ಮೂಡುತ್ತದೆ.

ಏಕೆಂದರೆ ಮೂಗಿಗೆ ಏನೂ ಬರುತ್ತಿಲ್ಲ. ಇವತ್ತಿಗೆ ಐದನೇ ದಿನ.

ಊರಿನ ಬಸ್ ಡಿಪೋದಲ್ಲಿ ಇವರು ಓಟ್ಸ್ ಅಕ್ಕ. ಹೆಸರು ಕೇಳಿದರೆ ಹಾಜರಿ ಪುಸ್ತಕ ಬರೆಯುವ ಟೈಮ್ ಕೀಪರಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷದಿಂದ ಬೆಳಗಿನ ಪಾಳಿಯ ಡ್ರೈವರುಗಳು, ಕಂಡಕ್ಟರುಗಳು, ಗ್ಯಾರೇಜಿನವರು ಬಾಯಿಗೆ ಹಾಕಿಕೊಳ್ಳುವ ಮೊದಲ ತುತ್ತು ಇವರದು. ದಿನಕ್ಕೆ ಎರಡೂವರೆ ಕಿಲೋ ಓಟ್ಸ್, ಒಂದು ಕಿಲೋ ಕೊಬ್ಬರಿ, ಒಂದೂಕಾಲು ಕಿಲೋ ಬೀಜಗಳು. ಆರು ತಟ್ಟೆ, ತಟ್ಟೆಗೆ ಇಪ್ಪತ್ತನಾಲ್ಕು ಪಟ್ಟಿ, ಒಟ್ಟು ನೂರ ನಲವತ್ತನಾಲ್ಕು. ಬೆರಳುದ್ದದ, ಎರಡು ಬೆರಳಗಲದ ಈ ಪಟ್ಟಿಗಳು ಗರಿಗರಿಯಲ್ಲ, ಮೆತ್ತಗೂ ಅಲ್ಲ. ಬಾಗಿಸಿದರೆ ಬಾಗಬೇಕು, ಮುರಿಯಬಾರದು. ಹಲ್ಲಿಗೆ ಸಿಕ್ಕಾಗ ಸ್ವಲ್ಪ ಜಗ್ಗಿ, ಆಮೇಲೆ ಸೋಲಬೇಕು. "ಅಗಿದಷ್ಟು ಹೊತ್ತು ಹೊಟ್ಟೆಗೆ ಸಮಾಧಾನ" ಎನ್ನುತ್ತಾರೆ ಅಕ್ಕ. "ಮನುಷ್ಯ ಅಗಿಯೋವಾಗ ಸಿಟ್ಟು ಮಾಡ್ಕೊಳ್ಳಲ್ಲ. ಬೇಕಿದ್ರೆ ನೋಡಿ, ನಮ್ಮ ಡ್ರೈವರುಗಳು ಬೆಳಿಗ್ಗೆ ಏಳರವರೆಗೆ ಯಾರಿಗೂ ಬೈಯಲ್ಲ."

ಇವತ್ತು ಬೆಂದದ್ದು ನಾಳೆಗೆ. ಬಿಸಿ ಆರಿ, ಕತ್ತರಿಸಿ, ಬಟ್ಟೆ ಹಾಸಿದ ಡಬ್ಬದಲ್ಲಿ ಒಂದು ದಿನ ಮಲಗಿದರೇನೇ ಪಟ್ಟಿಗೆ ಆ ಜಗ್ಗು ಬರುವುದು. ಹಾಗಾಗಿ ಈ ಶುಕ್ರವಾರ ಬೆಳಗಿನ ತಟ್ಟೆಗಳು ಶನಿವಾರ ಬೆಳಗಿನ ಡಿಪೋಗೆ. ಈ ಶನಿವಾರ ಉಳಿದ ಶನಿವಾರಗಳ ಹಾಗಲ್ಲ. ನಾಳೆಯ ಪಟ್ಟಿಯೂ ಕೆಟ್ಟರೆ, ಸೋಮವಾರದಿಂದ ಡಿಪೋದ ಕಿಟಕಿಯ ಬಳಿ, ಅಕ್ಕನ ತಗಡಿನ ಡಬ್ಬ ಕೂರುವ ಜಾಗದಲ್ಲಿ, ಗುಂಡಿ ಒತ್ತಿದರೆ ಪ್ಯಾಕೆಟ್ ಉದುರಿಸುವ ಯಂತ್ರವೊಂದು ಬಂದು ನಿಲ್ಲಲಿದೆ. ಟೈಮ್ ಕೀಪರ್ ಇದನ್ನು ಹೇಳುವಾಗ ಅಕ್ಕನ ಮುಖ ನೋಡಿರಲಿಲ್ಲ, ಪೆನ್ನಿನ ಮುಚ್ಚಳ ನೋಡುತ್ತಿದ್ದ. "ನನ್ನ ಕೈಲೇನಿದೆ ಅಕ್ಕಾ? ಹಸ್ಕೊಂಡು ಬಸ್ಸು ಹತ್ತೋರು ನನ್ನ ಪ್ರಾಣ ತಿಂತಾರೆ. ಶನಿವಾರದವರೆಗೆ ನೋಡೋಣ."

ಅಕ್ಕ ಹುಟ್ಟಿದ್ದು ಹೊಲದ ಮನೆಯಲ್ಲಿ. ಅಪ್ಪ ಓಟ್ಸ್ ಬೆಳೆಯುತ್ತಿದ್ದರು, ಮನುಷ್ಯರಿಗಲ್ಲ, ದನಗಳಿಗೆ. ತೆನೆ ಹಾಲುಗಟ್ಟುವ ಮೊದಲೇ ಕುಯ್ದು ಹಸಿರಾಗಿಯೇ ಕಟ್ಟುತ್ತಿದ್ದರು. ಕಂತೆಯ ಮೇಲೆ ಮಲಗಿ ಬೆಳೆದ ಹುಡುಗಿಗೆ ಆ ಹಸಿ ವಾಸನೆ ಮೈಗೆ ಹತ್ತಿತ್ತು. ಮುಂದೆ ಇವರು ಓಟ್ಸಿನ ಪಟ್ಟಿ ಮಾಡುತ್ತಾರೆಂದು ತಿಳಿದಾಗ ಅವರ ತಾಯಿ ನಕ್ಕಿದ್ದು ಇನ್ನೂ ನೆನಪಿದೆ. "ನಾವು ದನಕ್ಕೆ ಹಾಕ್ತಿದ್ದುದನ್ನ ನೀನು ಜನಕ್ಕೆ ಹಾಕ್ತಿದೀಯಲ್ಲೇ, ತಾಯಿ! ಯಾರೂ ಒದೀಲಿಲ್ವಾ?"

ಮದುವೆಯಾದದ್ದು ಗಾರೆ ಮೇಸ್ತ್ರಿಯನ್ನು. ಬೀದಿಯವರೆಲ್ಲ ಅವರನ್ನು ಕರೆಯುವುದು ರಸಮಟ್ಟ ಎಂದೇ. ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುವ ಆ ಮಟ್ಟ ನೋಡುವ ಸಾಧನ ಅವರ ಜೇಬಿನಿಂದ ಇಳಿದದ್ದೇ ಇಲ್ಲ. ನೆಂಟರ ಮನೆಗೆ ಹೋದರೆ ಮೊದಲು ಕುರ್ಚಿಯ ಮೇಲೆ ಅದನ್ನಿಟ್ಟು ನೋಡಿ, ಆಮೇಲೆ ಕೂರುವ ಆಸಾಮಿ. ಹೊಸ ಹೆಂಡತಿ ಅವರ ಹಿಂದೆಯೇ ಗಾರೆ ಬುಟ್ಟಿ ಹೊತ್ತು ಏಣಿ ಹತ್ತಿದರು. ಮಿಶ್ರಣದ ಹದ, ಒತ್ತುವ ಕೈ, ಒಣಗುವ ಮುಂಚೆ ಗೆರೆ ಎಳೆಯುವ ಗಳಿಗೆ, ಇವನ್ನೆಲ್ಲ ಕಲಿತದ್ದು ಅಲ್ಲಿ. "ನಾನು ಬೇಕರಿಯಲ್ಲಿ ಕಲಿತದ್ದು ಕಮ್ಮಿ, ಗೋಡೆ ಹತ್ರ ಕಲಿತದ್ದೇ ಜಾಸ್ತಿ" ಎನ್ನುತ್ತಾರೆ ಅವರು. "ಪಾಕ ಅಂದ್ರೇನು? ಸಿಹಿ ಸಿಮೆಂಟು."

ಹದಿನಾರು ವರ್ಷದ ಹಿಂದೆ ಮೇಸ್ತ್ರಿ, ಗೋಡೆ ಬಳಿಯಲು ಕಟ್ಟಿದ್ದ ಸಾರುವೆಯಿಂದ ಬಿದ್ದರು. ಬೆನ್ನು ಕೂಡಿಕೊಂಡಿತು, ಆದರೆ ಮತ್ತೆ ಮೇಲೆ ಹತ್ತಿಸಲಿಲ್ಲ. ಅಕ್ಕ ಬೇಕರಿಯೊಂದರಲ್ಲಿ ತಟ್ಟೆ ತೊಳೆಯುವ ಕೆಲಸ ಹಿಡಿದರು. ಆರು ಗಂಟೆಯ ಮೊದಲ ಬಸ್ಸೇ ಅವರ ಬಸ್ಸು. ಬಾಗಿಲ ಹತ್ತಿರದ ಸೀಟಿನಿಂದ ದಿನವೂ ನೋಡುತ್ತಿದ್ದರು, ಡ್ರೈವರು ಖಾಲಿ ಹೊಟ್ಟೆಯಲ್ಲಿ ನೀರು ಕುಡಿದು ಸ್ಟೀರಿಂಗ್ ಹಿಡಿಯುತ್ತಿದ್ದುದನ್ನು. ಒಂದು ದಿನ ಬೇಕರಿಯಲ್ಲಿ ಉಳಿದ ಓಟ್ಸ್, ಕೊಬ್ಬರಿ, ಬೀಜದ ಪುಡಿಯನ್ನು ಜೇನಿನಲ್ಲಿ ಕಲಸಿ, ಬುತ್ತಿಯ ಮುಚ್ಚಳದಲ್ಲಿ ಒತ್ತಿ, ಬೇಯಿಸಿ ತಂದುಕೊಟ್ಟರು. ಡ್ರೈವರು ತಿಂದ. ಅಂಗಿಯ ಮೇಲೆಲ್ಲ ಉದುರಿಸಿಕೊಂಡು ತಿಂದ.

"ರುಚಿಯೇನೋ ಇದೆ ಅಕ್ಕಾ. ಆದ್ರೆ ಸಿಗ್ನಲ್ಲು ಬಿಡೋ ಮುಂಚೆ ಒಂದೇ ಕೈಲಿ ತಿನ್ನೋ ಹಂಗಿರಬೇಕು. ಇದಕ್ಕೆ ನಾಲ್ಕು ಕೈ, ಒಂದು ಪೊರಕೆ ಬೇಕು" ಎಂದ.

ಆ ಮಾತು ಅವರ ತಲೆಗೆ ಹೊಕ್ಕಿತು. ಉದುರಬಾರದು, ಅಂಟಬಾರದು, ಮುರಿಯಬಾರದು. ಒಂದು ಕೈ ಸಾಕಾಗಬೇಕು. ಏಳು ತಿಂಗಳು ಹಿಡಿಯಿತು ಆ ಹದ ಸಿಕ್ಕಲು. ಅಷ್ಟರಲ್ಲಿ ಬೇಕರಿ ಮುಚ್ಚಿತು. ಯಜಮಾನ ಊರು ಬಿಡುವಾಗ, ಬಾಗಿಲು ಸಡಿಲಾಗಿ ರಬ್ಬರು ಹರಿದಿದ್ದ ಒಂದು ಹಳೆಯ ಓವನ್ ತೋರಿಸಿ, "ಇದನ್ನ ಹೊತ್ಕೊಂಡು ಹೋಗೋರಿದ್ರೆ ಪುಣ್ಯ ಬರತ್ತೆ" ಎಂದರು. ಮೇಸ್ತ್ರಿಯ ಹಳೆಯ ಆಳುಗಳು ನಾಲ್ವರು ಬಂದು ಹೊತ್ತು ತಂದರು.

ಆ ಓವನ್ನಿಗೆ ಗಡಿಯಾರವಿರಲಿಲ್ಲ. ಇದ್ದಿದ್ದರೂ ಅಕ್ಕ ನೋಡುತ್ತಿರಲಿಲ್ಲ. ಅವರು ಬೇಯಿಸುತ್ತಿದ್ದುದು ಮೂಗಿನಿಂದ. ಬೆಳಗಿನ ಜಾವವೇ ಯಾಕೆ ಎಂಬುದಕ್ಕೂ ಕಾರಣ ಅದೇ. "ಆ ಹೊತ್ತಿಗೆ ಯಾರ ಮನೆಯಲ್ಲೂ ಒಗ್ಗರಣೆ ಇರಲ್ಲ, ಬೀದೀಲಿ ಹೊಗೆ ಇರಲ್ಲ. ಮೂಗು ಆಗಷ್ಟೇ ಎದ್ದಿರತ್ತೆ, ಇನ್ನೂ ಯಾವ ವಾಸನೆ ಜೊತೆಗೂ ಜಗಳಕ್ಕೆ ಬಿದ್ದಿರಲ್ಲ." ಅವರ ಪ್ರಕಾರ ಒಂದು ತಟ್ಟೆಯಿಂದ ಮೂರು ವಾಸನೆ ಒಂದರ ಹಿಂದೆ ಒಂದು ಬರುತ್ತವೆ. ಮೊದಲು ಹಸಿ ಹುಲ್ಲು, ಅದು ಓಟ್ಸು. ಆಮೇಲೆ ಕೊಬ್ಬರಿ. ಕೊನೆಗೆ ಬಾದಾಮಿ. "ಹುಲ್ಲಿನಲ್ಲಿ ತೆಗೆದ್ರೆ ಹಸಿ. ಬಾದಾಮಿ ಪೂರ್ತಿ ಬಂತು ಅಂದ್ರೆ ಮುಗೀತು, ಹೆಂಚು. ಕೊಬ್ಬರಿ ಮುಗಿದು ಬಾದಾಮಿ ಶುರುವಾಗೋ ಹೊತ್ತಿದೆಯಲ್ಲ, ಅಷ್ಟರಲ್ಲಿ ತೆಗೀಬೇಕು." ಆ ಹೊತ್ತು ಎಷ್ಟು ಉದ್ದ? ಅಕ್ಕ ಯೋಚಿಸಿ ಹೇಳುತ್ತಾರೆ: "ಒಂದು ಸಲ ಏಪ್ರನ್ನಿಗೆ ಕೈ ಒರೆಸ್ಕೊಂಡು ಬಟ್ಟೆ ಹಿಡ್ಕೊಳ್ಳೋವಷ್ಟು."

ಹೋದ ತಿಂಗಳು ಹಳೆಯ ಓವನ್ನಿನ ಬಿಸಿ ಕೊಡುವ ಕಾಯಿಲ್ ಸುಟ್ಟಿತು. ರಿಪೇರಿಯವ ಹಿಂದೆ ಮುಂದೆ ನೋಡಿ, "ಇದರ ಸಾಮಾನು ಮಾಡೋರೂ ಇಲ್ಲ, ಮಾಡಿದೋರ ಮಕ್ಕಳೂ ಇಲ್ಲ" ಎಂದು ತಲೆ ಆಡಿಸಿದ. ಮೂರು ವಾರ ನೆರೆಯವರ ಪುಟ್ಟ ಓವನ್ ಮನೆಗೆ ತಂದಿಟ್ಟುಕೊಂಡು ಹೇಗೋ ಅರ್ಧ ಲೆಕ್ಕದ ಪಟ್ಟಿ ಮಾಡಿದ್ದಾಯಿತು. ಹೊಸದನ್ನು ಆರಿಸಿದ್ದು ಮೇಸ್ತ್ರಿ. ಹೋದ ಭಾನುವಾರ ಅದು ಮನೆಗೆ ಬಂದಾಗ ಅವರ ಸಂಭ್ರಮ ನೋಡಬೇಕಿತ್ತು. ಹನ್ನೆರಡು ಸಲ ರಸಮಟ್ಟ ಇಟ್ಟರು. ಒಂದು ಕಾಲಿಗೆ ಅಕ್ಕಿಕಾಳಿನಷ್ಟು ದಪ್ಪದ ತಗಡು ಕೊಟ್ಟರು, ತೆಗೆದರು, ಮತ್ತೆ ಕೊಟ್ಟರು. ಗುಳ್ಳೆ ನಡುಮಧ್ಯಕ್ಕೆ ನಿಂತಾಗ ಬಾಗಿಲ ಸಂದಿಗೆ ಒಂದು ಕಾಗದದ ಚೂರು ತೂರಿಸಲು ನೋಡಿ, ಅದು ತೂರದಿದ್ದಾಗ ಹೆಂಡತಿಯ ಕಡೆ ತಿರುಗಿದರು.

"ನೋಡಿದ್ಯಾ? ಇರುವೆ ಉಸಿರಾಡೋಕೂ ಜಾಗ ಇಲ್ಲ!"

ಸೋಮವಾರದ ಪಟ್ಟಿ ಗಟ್ಟಿಯಾಯಿತು. ಹೊಸ ಒಲೆ, ಪಳಗಬೇಕು ಎಂದುಕೊಂಡರು. ಮಂಗಳವಾರದ್ದು ಮಧ್ಯೆ ಹಸಿ, ಅಂಚು ಕಪ್ಪು. ಆ ದಿನ ಅಕ್ಕ ಎರಡು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಮೂಗು ಒಡ್ಡುತ್ತಿದ್ದರು. ತೆಗೆದಾಗೆಲ್ಲ ಬಿಸಿಯೆಲ್ಲ ಹೊರಗೆ ಓಡಿ ಬರುತ್ತಿತ್ತು, ಮೂವರು ಒಂದೇ ಸಲ ಮಾತಾಡಿದ ಹಾಗೆ ಒಂದು ದಪ್ಪ ವಾಸನೆ ಮುಖಕ್ಕೆ ರಾಚುತ್ತಿತ್ತು, ಅದರಲ್ಲಿ ಯಾವುದೂ ಬಿಡಿಯಾಗಿ ತಿಳಿಯುತ್ತಿರಲಿಲ್ಲ. ಬುಧವಾರ ಮೇಸ್ತ್ರಿಯ ಮಾತು ಕೇಳಿ ಗಡಿಯಾರ ಇಟ್ಟರು. ಒಂದು ತಟ್ಟೆಗೆ ಸರಿಹೋದ ನಿಮಿಷ ಮುಂದಿನ ತಟ್ಟೆಗೆ ಸರಿಹೋಗಲಿಲ್ಲ. ಒಂದು ಚೀಲದ ಓಟ್ಸು ಒಣಗಿರುತ್ತದೆ, ಇನ್ನೊಂದರದು ಥಂಡಿ ಹಿಡಿದಿರುತ್ತದೆ. ಜೇನು ಒಂದು ದಿನ ಗಟ್ಟಿ, ಒಂದು ದಿನ ತೆಳು. "ಗಡಿಯಾರಕ್ಕೆ ಮೂಗಿಲ್ಲ ಕಣ್ರೀ" ಎಂದು ಅದನ್ನು ಗಂಡನ ಕೈಗೆ ವಾಪಸು ಕೊಟ್ಟರು.

ಅದೇ ಬುಧವಾರ ಡಿಪೋದಲ್ಲೊಂದು ಅನಾಹುತವಾಯಿತು. ಮೊದಲ ಬಸ್ಸಿನ ಡ್ರೈವರಿಗೆ, ಅಂದರೆ ಹದಿನೈದು ವರ್ಷದ ಹಿಂದೆ ಅಂಗಿಯ ಮೇಲೆ ಉದುರಿಸಿಕೊಂಡು ತಿಂದವನಿಗೇ, ಈಗ ಕಟ್ಟಿಸಿಕೊಂಡ ಹಲ್ಲು. ಹಿಂದಿನ ದಿನದ ಪಟ್ಟಿಯ ಕಪ್ಪು ಅಂಚನ್ನು ಕಚ್ಚಿದ. ಒಂದು ಹಲ್ಲು ಪಟ್ಟಿಯಲ್ಲೇ ಉಳಿಯಿತು. ಪುಣ್ಯಾತ್ಮ ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು, "ಚೆನ್ನಾಗಿದೆ ಅಕ್ಕಾ" ಎಂದು ಬಸ್ಸು ಹತ್ತಿದ. ಅವನು ಮುಚ್ಚಿಟ್ಟದ್ದನ್ನು ಅವನ ಕಂಡಕ್ಟರಮ್ಮ ಎರಡು ದಿನವಾದರೂ ಮುಚ್ಚಿಡಬಹುದಿತ್ತು. ಅಕ್ಕ ಇನ್ನೂ ಗೇಟು ದಾಟಿರಲಿಲ್ಲ, ಆಕೆ ಬಸ್ಸಿನ ಬಾಗಿಲಿನಿಂದಲೇ ಕೂಗಿದಳು: "ಅಕ್ಕಾ, ಇನ್ಮೇಲೆ ಪಟ್ಟಿ ಜೊತೆ ಒಂದು ಸುತ್ತಿಗೆ ಕೊಡಿ! ನಮ್ಮ ಡ್ರೈವರ್ ಯಜಮಾನ್ರು ಹಲ್ಲು ಬಿಚ್ಚಿಟ್ಟು ತಿಂತಾರೆ!" ಡಿಪೋ ಇಡೀ ನಕ್ಕಿತು. ಅಕ್ಕನೂ ನಕ್ಕರು. ಮನೆಗೆ ಬರುವವರೆಗೂ ನಗು ಮುಖದ ಮೇಲೇ ಇತ್ತು, ತೆಗೆಯಲು ಮರೆತ ಹಾಗೆ. ಟೈಮ್ ಕೀಪರ್ ಯಂತ್ರದ ಮಾತು ಎತ್ತಿದ್ದು ಮಾರನೆಯ ದಿನ. ಆ ಗುರುವಾರ ಬೇಯಿಸಿದ್ದನ್ನು ಅವರು ಇವತ್ತು ಡಿಪೋಗೆ ಒಯ್ಯುವುದಿಲ್ಲ ಎಂದು ಹೇಳಿಬಿಟ್ಟಿದ್ದಾರೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಡಬ್ಬ ಮನೆಯಲ್ಲೇ ಉಳಿದಿದೆ.

ಅವರು ಯಾರಿಗೂ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಹೋದ ವಾರ ಅವರಿಗೆ ಭಾರೀ ನೆಗಡಿಯಾಗಿತ್ತು. ನೆಗಡಿ ಹೋಯಿತು. ಸೋಪು, ಟೀ, ಸೀಮೆಎಣ್ಣೆ ಎಲ್ಲದರ ವಾಸನೆ ತಿಳಿಯುತ್ತದೆ. ಓವನ್ನಿನ ಮುಂದೆ ನಿಂತರೆ ಮಾತ್ರ ಹಸಿ ಹುಲ್ಲೂ ಇಲ್ಲ, ಕೊಬ್ಬರಿಯೂ ಇಲ್ಲ. ದಪ್ಪ ವಾಸನೆಗಳಷ್ಟೇ ಉಳಿದು, ಸಣ್ಣವೆಲ್ಲ ತನ್ನನ್ನು ಬಿಟ್ಟುಹೋದವು ಎಂದೇ ಅವರು ಐದು ದಿನದಿಂದ ತಿಳಿದುಕೊಂಡಿದ್ದಾರೆ. ಪಟ್ಟಿ ಕೆಟ್ಟರೆ ಇನ್ನೊಂದು ಮಾಡಬಹುದು. ಮೂಗು ಕೆಟ್ಟರೆ? ಆ ಪ್ರಶ್ನೆಯನ್ನು ಅವರು ಮನಸ್ಸಿನೊಳಗೂ ಪೂರ್ತಿ ಕೇಳಿಕೊಂಡಿಲ್ಲ. ಓಟ್ಸು ಬದಲಾಯಿಸಿದರು, ಬೆಣ್ಣೆ ಹೆಚ್ಚಿಸಿದರು, ಜೇನು ಕಮ್ಮಿ ಮಾಡಿದರು. ಎಲ್ಲದರ ಮೇಲೂ ಅನುಮಾನ ಹೊರಿಸಿದರು, ಗಂಡ ಅಷ್ಟು ಅಕ್ಕರೆಯಿಂದ ತಂದು ಕೂರಿಸಿದ ಓವನ್ ಒಂದನ್ನು ಬಿಟ್ಟು.

ಈ ಶುಕ್ರವಾರದ ಮೊದಲ ಎರಡು ತಟ್ಟೆ ಹೊರಬರುತ್ತವೆ. ಬೆರಳಿನಿಂದ ಒತ್ತಿ ನೋಡುತ್ತಾರೆ. ಹೆಂಚು. ಪಕ್ಕಕ್ಕಿಡುತ್ತಾರೆ. ಇನ್ನು ನಾಲ್ಕು ತಟ್ಟೆಗಾಗುವಷ್ಟು ಸಾಮಾನಿದೆ. ಮುಂದಿನ ಎರಡನ್ನು ಒಳಗಿಟ್ಟು ಬಾಗಿಲು ಮುಚ್ಚಿದ ಮೇಲೆ, ಮೂಗಿಗೆ ತಣ್ಣನೆಯ ಗಾಳಿಯಾದರೂ ತಾಗಲಿ ಎಂದು ನಡುಮನೆ ದಾಟಿ ಮುಂಬಾಗಿಲಿಗೆ ಬರುತ್ತಾರೆ.

ಮುಂಬಾಗಿಲ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದಾರೆ. ಎಂಬತ್ತೆಂಟು ವರ್ಷ. ಕಣ್ಣು ಮಂಜು, ಹಲ್ಲು ಒಂದೂ ಇಲ್ಲ, ನಾಲಿಗೆ ಮಾತ್ರ ಹೊಚ್ಚ ಹೊಸದು. ಬೆಳಗಿನ ಜಾವ ಎದ್ದು ಆ ಮೆಟ್ಟಿಲ ಮೇಲೆ ಕೂತು ತಲೆ ಬಾಚಿಕೊಳ್ಳುವುದು ಅವರ ರೂಢಿ. ದಿನಕ್ಕೊಂದು ಪಟ್ಟಿ ಹಾಲಿನಲ್ಲಿ ನೆನೆಸಿ ಅವರಿಗೆ ಕೊಡುವುದು ಸೊಸೆಯ ರೂಢಿ. ಈ ವಾರ ಪಟ್ಟಿಗಳು ಹಾಲಿನಲ್ಲೂ ನೆನೆಯುತ್ತಿರಲಿಲ್ಲವಾಗಿ ಕೊಟ್ಟಿರಲಿಲ್ಲ.

ಹೆಜ್ಜೆಯ ಸದ್ದು ಕೇಳಿ ಅತ್ತೆ ಬಾಚಣಿಗೆ ನಿಲ್ಲಿಸುತ್ತಾರೆ.

"ಬಂದ್ಯಾ, ಹುಡುಗಿ? ಬಾ, ಕೂತ್ಕೋ. ನಿನಗೀಗ ಪುರುಸೊತ್ತು ತಾನೇ."

ಐವತ್ತಾರರ ಸೊಸೆಯನ್ನು ಅತ್ತೆ ಕರೆಯುವುದು ಇವತ್ತಿಗೂ ಹುಡುಗಿ ಎಂದೇ. "ಎಲ್ಲಿ ಪುರುಸೊತ್ತು ಅತ್ತೆ? ತಟ್ಟೆ ಒಳಗಿದೆ."

"ನನ್ನ ಕಣ್ಣು ಹೋಗಿದೆ, ಬುದ್ಧಿ ಹೋಗಿಲ್ಲ" ಎನ್ನುತ್ತಾರೆ ಮುದುಕಿ. ಅವರಿಗೆ ನಿಜವಾಗಿಯೂ ಸಿಟ್ಟು ಬಂದಿದೆ. "ಕೆಲಸ ಬಿಟ್ಟೆ, ಸರಿ. ವಯಸ್ಸಾಯ್ತು, ಬಿಡಬೇಕು. ಆದ್ರೆ ನನಗೊಂದು ಮಾತು ಹೇಳೋದು ಬೇಡ್ವಾ? ಗಂಡ ಹೆಂಡತಿ ಇಬ್ರೂ ಸೇರ್ಕೊಂಡು, ಪಾತ್ರೆ ಸದ್ದು ಮಾಡಿ ಮಾಡಿ ನನ್ನ ನಂಬಿಸೋದು! ಐದು ದಿನ ಆಯ್ತು, ಅಡುಗೆಮನೆಯಿಂದ ಒಂದು ವಾಸನೆ ಬಂದಿಲ್ಲ. ನಾನೇನು ದಡ್ಡಿನಾ?"

ಸೊಸೆಗೆ ತಕ್ಷಣ ಅರ್ಥವಾಗುವುದಿಲ್ಲ. "ಏನಂದ್ರಿ?"

"ವಾಸನೆ ಇಲ್ಲ ಅಂದೆ. ಹದಿನಾಲ್ಕು ವರ್ಷದಿಂದ ಇಲ್ಲಿ ಕೂತ್ಕೊಂಡು ನಿನ್ನ ತಟ್ಟೆ ಕಾದಿದೀನಿ ನಾನು. ಕೊಬ್ಬರಿ ಮುಗೀತು ಕಣೇ ಅಂತ ಎಷ್ಟು ಸಲ ಕೂಗಿಲ್ಲ ನಾನು? ಇದರಲ್ಲೂ ಮೋಸ ಮಾಡ್ತೀರಾ?"

ಓಟ್ಸ್ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಡುತ್ತಾರೆ. ಆಮೇಲೆ ನಗು ಶುರುವಾಗುತ್ತದೆ. ಮೊದಲು ಹೊಟ್ಟೆಯೊಳಗೆ, ಆಮೇಲೆ ಭುಜದಲ್ಲಿ, ಕೊನೆಗೆ ಇಡೀ ಬೀದಿಗೆ ಕೇಳುವ ಹಾಗೆ. ಬಾಗಿ ಅತ್ತೆಯ ಎರಡು ಕೆನ್ನೆ ಹಿಡಿದು, "ನಿಮಗೂ ಬಂದಿಲ್ವಾ? ಅತ್ತೆ, ನಿಮಗೂ ಬಂದಿಲ್ವಾ?" ಎಂದು ಎರಡೆರಡು ಸಲ ಕೇಳುತ್ತಾರೆ. "ಇವಳಿಗೇನೋ ಆಗಿದೆ" ಎಂದು ಮುದುಕಿ ಮಗನನ್ನು ಕೂಗುತ್ತಾರೆ.

ಮೂಗು ಸರಿಯಾಗಿದೆ. ವಾಸನೆಯೇ ಹೊರಗೆ ಬರುತ್ತಿಲ್ಲ. ಹರಿದ ರಬ್ಬರಿನ, ಸಡಿಲ ಬಾಗಿಲಿನ ಹಳೆಯ ಓವನ್ ಹದಿನಾಲ್ಕು ವರ್ಷ ಅವರ ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ ಸಂದಿನಿಂದ ಹೇಳುತ್ತ ಬಂದಿತ್ತು. ಹೊಸದು ಬಾಯಿ ಬಿಗಿದುಕೊಂಡು ಕೂತಿದೆ. ಅಷ್ಟೇ ಸಂಗತಿ.

ಆದರೆ ಇದನ್ನು ಮೇಸ್ತ್ರಿಗೆ ಹೇಳಬೇಕಲ್ಲ. ತಾಯಿಯ ಕೂಗಿಗೆ ಬೆನ್ನು ಹಿಡಿದುಕೊಂಡೇ ಎದ್ದು ಬಂದ ಗಂಡನನ್ನು ಅಕ್ಕ ಅಡುಗೆಮನೆಗೆ ಕರೆದೊಯ್ಯುತ್ತಾರೆ. ಹೋಗುತ್ತಲೇ ಓವನ್ ಆರಿಸಿ, ಹದ ಮೀರಿದ ಆ ಎರಡು ತಟ್ಟೆಯನ್ನೂ ಹೊರಗೆಳೆಯುತ್ತಾರೆ. ಈಗ ಉಳಿದಿರುವುದು ಎರಡೇ ತಟ್ಟೆಯ ಸಾಮಾನು.

"ಮೇಸ್ತ್ರಿಗಳೇ, ನನಗೊಂದು ಚಕ್ಕೆ ಬೇಕು."

"ಎಂಥ ಚಕ್ಕೆ?"

"ಸಂದಿಗೆ ಕೊಡೋ ಚಕ್ಕೆ. ಈ ಬಾಗಿಲು ಇಷ್ಟು ಗಟ್ಟಿಯಾಗಿ ಮುಚ್ಚಬಾರದು. ಸ್ವಲ್ಪ ಬಾಯಿ ಬಿಡಬೇಕು."

ಮೇಸ್ತ್ರಿ ಓವನ್ ನೋಡುತ್ತಾರೆ, ಹೆಂಡತಿಯನ್ನು ನೋಡುತ್ತಾರೆ. "ಏನೇ, ಮೂವತ್ತು ವರ್ಷ ಊರೋರ ಸಂದು ಮುಚ್ಚಿ ಅನ್ನ ತಿಂದೋನು ನಾನು. ಹೊಸ ಒಲೆಗೆ ಸಂದು ಮಾಡಿಕೊಡು ಅಂತೀಯಲ್ಲ? ಹೊರಗೆ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗಬೇಕು?"

"ಗೋಡೆಗೆ ಕಿಟಕಿ ಇಡಲ್ವಾ ನೀವು? ಇದಕ್ಕೂ ಒಂದು ಕಿಟಕಿ ಅಂದ್ಕೊಳ್ಳಿ. ನನ್ನ ಮೂಗಿಗೆ."

ಮೇಸ್ತ್ರಿ ಕಾಗದವೂ ತೂರದಿದ್ದ ಆ ಸಂದಿನ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಐದು ದಿನದ ಹೆಂಚುಗಳಿಗೆಲ್ಲ ತಾನು ಹಿಗ್ಗಿದ ಆ ಬಿಗಿಯೇ ಕಾರಣವೆಂದು ಹೊಳೆದಿರಬೇಕು, ಕಿವಿ ಕೆಂಪಾಗುತ್ತದೆ. "ನೀನು ಭಾನುವಾರವೇ ಹೇಳಬಾರದಿತ್ತಾ?" ಎಂದು ಗೊಣಗುತ್ತಾರೆ.

"ಭಾನುವಾರ ನೀವು ಅಷ್ಟು ಖುಷಿಯಾಗಿದ್ರಿ. ಆಮೇಲೆ ನಾನು ನನ್ನ ಮೂಗೇ ಹೋಯ್ತು ಅಂದ್ಕೊಂಡಿದ್ದೆ."

ಇದನ್ನು ಕೇಳಿದ ಮೇಲೆ ಮೇಸ್ತ್ರಿ ಮರ್ಯಾದೆಯ ಮಾತು ಎತ್ತುವುದಿಲ್ಲ. ಮರದ ಚಕ್ಕೆ ಬೇಡ, ಬಿಸಿಗೆ ಒಣಗಿ ಕುಗ್ಗುತ್ತದೆ ಎಂದು ತಾವೇ ತೀರ್ಮಾನಿಸಿ, ಹಿತ್ತಿಲಿಗೆ ಹೋಗಿ ನೆಲಕ್ಕೆ ಹಾಸಿ ಉಳಿದ ಹೆಂಚಿನ ಚೂರೊಂದನ್ನು ಆರಿಸಿ ತರುತ್ತಾರೆ. ಒಗೆಯುವ ಕಲ್ಲಿನ ಮೇಲೆ ನೀರು ಹಾಕಿ ಉಜ್ಜುತ್ತಾರೆ. ಬಾಗಿಲ ಮೇಲಂಚಿಗೆ ಕೊಟ್ಟು ನೋಡುತ್ತಾರೆ. ಹೆಚ್ಚಾಯಿತು, ಬಿಸಿ ಧಾರಾಳ ಹೊರಬರುತ್ತಿದೆ. ಮತ್ತೆ ಉಜ್ಜುತ್ತಾರೆ. ಇನ್ನೂ ಹೆಚ್ಚು. ಮೂರನೆಯ ಸಲ ಚೂರು ಒಂದು ಗುಂಡಿಯಷ್ಟು ತೆಳ್ಳಗಾಗಿದೆ. ಅದನ್ನು ಕೂರಿಸಿ, ಹಿಂದೆ ಸರಿದು, ಅಭ್ಯಾಸಬಲದಿಂದ ಜೇಬಿನ ರಸಮಟ್ಟಕ್ಕೆ ಕೈ ಹಾಕಿ, ಆಮೇಲೆ ಹೆಂಡತಿಯ ಮುಖ ನೋಡಿ ಕೈ ವಾಪಸು ತೆಗೆಯುತ್ತಾರೆ.

ಓವನ್ ಮತ್ತೆ ಕಾಯಿಸಿದ ಮೇಲೆ ಕೊನೆಯ ಎರಡು ತಟ್ಟೆ ಒಳಗೆ ಹೋಗುತ್ತವೆ. ಗಂಡ ಹೆಂಡತಿ ಇಬ್ಬರೂ ಅದರ ಪಕ್ಕ ನಿಲ್ಲುತ್ತಾರೆ. ಏಳು ನಿಮಿಷಕ್ಕೆ, ಮಳೆಯ ಮಾರನೆಯ ದಿನ ಕುಯ್ದ ಮೇವಿನ ಹಾಗೆ, ತೆಳ್ಳಗೆ, ಹಸಿ ಹುಲ್ಲು ಬರುತ್ತದೆ. ಅಕ್ಕ ಕಣ್ಣು ಮುಚ್ಚುತ್ತಾರೆ. ಹುಬ್ಬಿನ ನಡುವಿನ ಗೆರೆ ಮಾಯವಾಗುತ್ತದೆ. ಇನ್ನೊಂದಿಷ್ಟು ಹೊತ್ತಿಗೆ ಕೊಬ್ಬರಿ. ಕೊಬ್ಬರಿ ದಪ್ಪವಾಗುತ್ತದೆ, ಮನೆ ತುಂಬುತ್ತದೆ, ಮೆಲ್ಲಗೆ ಹಿಂದೆ ಸರಿಯುತ್ತದೆ. ಅವರು ಏಪ್ರನ್ನಿಗೆ ಕೈ ಒರೆಸಿಕೊಂಡು ಬಟ್ಟೆ ಹಿಡಿಯುತ್ತಾರೆ.

ಕತ್ತರಿಸುವುದಕ್ಕೂ ಅವರದೇ ಲೆಕ್ಕ. ತಟ್ಟೆಯ ಅಡಿಗೆ ಅಂಗೈ ಕೊಟ್ಟಾಗ ಮಗುವಿನ ಹಣೆಯಷ್ಟು ಬೆಚ್ಚಗಿರಬೇಕು. ಆಗ ಮೇಸ್ತ್ರಿಯ ಹಳೆಯ ಕರಣೆಯನ್ನು, ಗಾರೆ ಬಳಿಯುವ ಆ ಉಕ್ಕಿನ ತಗಡನ್ನು, ಹರಿತ ಮಾಡಿ ಇಟ್ಟುಕೊಂಡಿದ್ದಾರಲ್ಲ, ಅದರಿಂದ ಮೇಲಿನಿಂದ ಒಂದೇ ಒತ್ತು. ಎಳೆಯುವಂತಿಲ್ಲ; ಎಳೆದರೆ ಬೀಜ ಕಿತ್ತು ಬರುತ್ತದೆ. ಎರಡು ತಟ್ಟೆಗೆ ನಲವತ್ತೆಂಟು ಪಟ್ಟಿ. ನೂರ ನಲವತ್ತನಾಲ್ಕು ಆಗಲಿಲ್ಲ. "ಇಷ್ಟೇ ಸಾಕು" ಎನ್ನುತ್ತಾರೆ ಅಕ್ಕ. "ಒಬ್ಬೊಬ್ರು ಅರ್ಧ ಅರ್ಧ ತಿನ್ನಲಿ. ಬಾಗತ್ತೋ ಮುರಿಯತ್ತೋ ಗೊತ್ತಾಗೋಕೆ ಅರ್ಧವೇ ಸಾಕು."

ಶನಿವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ. ಡಿಪೋದ ಕಿಟಕಿಯ ಕಟ್ಟೆಯನ್ನು ಆಗಲೇ ಖಾಲಿ ಮಾಡಲಾಗಿದೆ, ಅಲ್ಲಿ ಯಾರೋ ಅಳತೆ ತೆಗೆದು ಸೀಮೆಸುಣ್ಣದಲ್ಲಿ ಚೌಕ ಎಳೆದುಹೋಗಿದ್ದಾರೆ. ಅಕ್ಕ ಚೌಕ ನೋಡುತ್ತಾರೆ. ಡಬ್ಬವನ್ನು ಕುರ್ಚಿಯ ಮೇಲಿಟ್ಟು ಮುಚ್ಚಳ ತೆಗೆಯುತ್ತಾರೆ. ಡ್ರೈವರುಗಳು ಸ್ವಲ್ಪ ದೂರದಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾರೂ ಮುಂದೆ ಬರುವುದಿಲ್ಲ.

"ಯಾಕ್ರಪ್ಪಾ, ಕಚ್ಚತ್ತಾ ಅದು?" ಎನ್ನುತ್ತಾರೆ ಅಕ್ಕ. "ಕಚ್ಚಬೇಕಾದೋರು ನೀವು."

ಕಂಡಕ್ಟರಮ್ಮ ತನ್ನ ಡ್ರೈವರನ್ನು ಮೊಣಕೈಯಿಂದ ತಿವಿಯುತ್ತಾಳೆ. "ಹೋಗಿ ಯಜಮಾನ್ರೇ. ಇನ್ನೂ ಇಪ್ಪತ್ತೇಳು ಹಲ್ಲು ಇದಾವಲ್ಲ."

ಮೊದಲ ಬಸ್ಸಿನ ಡ್ರೈವರು ಬರುತ್ತಾನೆ. ಮುಂದಿನ ಹಲ್ಲಿನ ಜಾಗ ಇನ್ನೂ ಖಾಲಿ. ಒಂದು ಪಟ್ಟಿ ಎತ್ತಿ, ತಿನ್ನುವ ಮೊದಲು ಎರಡು ತುದಿ ಹಿಡಿದು ಬಾಗಿಸುತ್ತಾನೆ. ಪಟ್ಟಿ ಬಿಲ್ಲಿನ ಹಾಗೆ ಬಾಗುತ್ತದೆ, ಬಿಟ್ಟರೆ ಸೋಮಾರಿಯ ಹಾಗೆ ನಿಧಾನಕ್ಕೆ ನೆಟ್ಟಗಾಗುತ್ತದೆ. ಬಾಯಿಗಿಡುತ್ತಾನೆ. ಅಗಿಯುತ್ತಾನೆ. ಎಲ್ಲರೂ ಅವನ ದವಡೆಯನ್ನೇ ನೋಡುತ್ತಿದ್ದಾರೆ, ಟೈಮ್ ಕೀಪರ್ ಪೆನ್ನು ಹಿಡಿದು ಕಿಟಕಿಯಾಚೆಯಿಂದ ನೋಡುತ್ತಿದ್ದಾನೆ. ಡ್ರೈವರಿಗೆ ಅವಸರವಿಲ್ಲ. ಪೂರ್ತಿ ಮುಗಿಸಿ, ಅಂಗಿಯ ಮೇಲೊಮ್ಮೆ ಕೈ ಆಡಿಸಿ, ಉದುರಿದ್ದು ಏನೂ ಇಲ್ಲವೆಂದು ಅಂಗೈ ಎತ್ತಿ ಎಲ್ಲರಿಗೂ ತೋರಿಸುತ್ತಾನೆ.

"ಒಂದು ಕೈ" ಎನ್ನುತ್ತಾನೆ. ಅಷ್ಟೇ.

ಐದು ನಿಮಿಷದಲ್ಲಿ ಡಬ್ಬ ಖಾಲಿ. ಅರ್ಧ ಸಿಕ್ಕವರು ಪೂರ್ತಿ ಸಿಕ್ಕವರ ಮೇಲೆ ದೂರು ಹೇಳುತ್ತ ಬಸ್ಸು ಹತ್ತುತ್ತಾರೆ. ಟೈಮ್ ಕೀಪರ್ ಹೊರಗೆ ಬಂದು, ಖಾಲಿ ಡಬ್ಬವನ್ನು ಕುರ್ಚಿಯಿಂದ ಎತ್ತಿ, ಅಂಗಿಯ ತೋಳಿನಿಂದ ಸೀಮೆಸುಣ್ಣದ ಗೆರೆ ಒರೆಸಿ, ಡಬ್ಬವನ್ನು ಕಟ್ಟೆಯ ಮೇಲೆ ಮೊದಲಿನ ಜಾಗದಲ್ಲೇ ಇಡುತ್ತಾನೆ. "ಆ ಯಂತ್ರಾನ ಆಫೀಸಿನ ಮುಂದೆ ಇಡ್ತೀನಿ ಬಿಡಿ. ಅಲ್ಲಿರೋರು ಯಾವ ಬಸ್ಸು ಓಡಿಸಬೇಕು?"

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಓಟ್ಸ್ ಅಕ್ಕ ತುಂಬಾ ಹೊತ್ತು ಯೋಚಿಸುವುದಿಲ್ಲ. "ಅಂಗಡಿ ಗಿಂಗಡಿ ಬೇಡಪ್ಪ. ಆ ಹೆಂಚಿನ ಚೂರು ಕಳೆದುಹೋಗದೇ ಇದ್ರೆ ಸಾಕು" ಎನ್ನುತ್ತಾರೆ. ಕಳೆದುಹೋಗುವ ಭಯವೇನಿಲ್ಲ. ಶುಕ್ರವಾರ ಮಧ್ಯಾಹ್ನವೇ ಮೇಸ್ತ್ರಿ ಹಿತ್ತಿಲಿನಲ್ಲಿ ಕೂತು ಅದೇ ಅಳತೆಯ ಇನ್ನೂ ಆರು ಚೂರು ಉಜ್ಜಿ, ಮೊಳೆಯ ಡಬ್ಬದಲ್ಲಿ ಹಾಕಿಟ್ಟಿದ್ದಾರೆ. ಆರೂ ಒಂದೇ ದಪ್ಪ. ಅದರಲ್ಲಿ ಮಾತ್ರ ಅವರು ಸೋಲಲಿಲ್ಲ.

ಸೋಮವಾರ. ಐದೂಕಾಲು. ಅಡುಗೆಮನೆಯಲ್ಲಿ ಕೊನೆಯ ಎರಡು ತಟ್ಟೆ ಓವನ್ನಿನೊಳಗಿವೆ. ಇವತ್ತು ಪೂರ್ತಿ ಆರು ತಟ್ಟೆಯ ದಿನ. ಅಕ್ಕ ಓವನ್ನಿನ ಪಕ್ಕ ಕಣ್ಣು ಮುಚ್ಚಿ ನಿಂತಿದ್ದಾರೆ. ಬೀದಿಯ ದೀಪಗಳು ಒಂದೊಂದಾಗಿ ಆರುತ್ತಿವೆ. ನಡುಮನೆಯ ಆಚೆ, ಮುಂಬಾಗಿಲ ಮೆಟ್ಟಿಲ ಮೇಲಿಂದ, ಬಾಚಣಿಗೆ ಕೈಯಲ್ಲೇ ಹಿಡಿದ ಮುದುಕಿಯ ದನಿ ಗಟ್ಟಿಯಾಗಿ ಕೇಳಿಬರುತ್ತದೆ.

"ಏ ಹುಡುಗೀ! ಕೊಬ್ಬರಿ ಮುಗೀತು ಕಣೇ!"

ಸೊಸೆ ಆಗಲೇ ಏಪ್ರನ್ನಿಗೆ ಕೈ ಒರೆಸಿಕೊಂಡಾಗಿದೆ.

"ಗೊತ್ತು ಅತ್ತೆ. ನನಗೂ ಬಂತು."